‘ಕಣ್ಣಿಗೆ ಹಬ್ಬ’ ಅಂತ ಬರೆದವರಿಗೆ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಸಿನಿಮಾ ಪುಟದಲ್ಲಿ ಒಂದು ಅನಿಮೇಷನ್ ಚಿತ್ರದ ವಿಮರ್ಶೆ ಬಂದಿತ್ತು. ಕಥೆಯ ಬಗ್ಗೆ ಹದಿನೈದು ಸಾಲು, ಕಂಠದಾನ ಮಾಡಿದವರ ಬಗ್ಗೆ ಆರು ಸಾಲು, ಕೊನೆಗೆ ‘ಬಣ್ಣಗಳು ಕಣ್ಣಿಗೆ ಹಬ್ಬ, ಮಕ್ಕಳಿಗೆ ಇಷ್ಟವಾಗುತ್ತದೆ’ ಅಂತ ಒಂದು ಸಾಲು. ಪಕ್ಕದಲ್ಲಿ ಒಂದು ಬಾಕ್ಸ್ ಬೇರೆ: ಕೆಂಪು ಅಂದರೆ ಕೋಪ, ನೀಲಿ ಅಂದರೆ ದುಃಖ, ಹಸಿರು ಅಂದರೆ ಹೊಟ್ಟೆಕಿಚ್ಚು. ನಾನು ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಒಂಬತ್ತು ವರ್ಷದಿಂದ ಲೈಟಿಂಗ್ ಆರ್ಟಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಆ ಒಂದು ಸಾಲು ಬರೆಯೋಕೆ ವಿಮರ್ಶಕರಿಗೆ ಹತ್ತು ಸೆಕೆಂಡ್ ಹಿಡಿದಿರಬಹುದು. ಪರದೆ ಮೇಲೆ ಹತ್ತು ಸೆಕೆಂಡ್ ಇರೋ ಬೆಳಕಿಗಾಗಿ ನಾವು ಎರಡು ಮೂರು ವಾರ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಯ್ತು ಅನ್ನಿಸಿದರೆ ಕತ್ತರಿ ಹಾಕಿಕೊಳ್ಳಿ.

ನನ್ನ ಕೆಲಸ ಏನು ಅಂತ ನಮ್ಮಮ್ಮನಿಗೇ ಬಹಳ ದಿನ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಕೇಳಿದರೆ ‘ಕಂಪ್ಯೂಟರ್ ಒಳಗೆ ಲೈಟ್ ಹಾಕ್ತಾಳಂತೆ’ ಅನ್ನುತ್ತಿದ್ದರು. ಅವರು ‘ಓ, ಎಲೆಕ್ಟ್ರಿಕಲ್ಲಾ?’ ಅಂದರೆ ‘ಹೂಂ, ಅಂಥದ್ದೇ ಏನೋ’. ಯೋಚಿಸಿ ನೋಡಿದರೆ ಅಮ್ಮ ಹೇಳಿದ್ದು ತೀರಾ ತಪ್ಪೇನಲ್ಲ. ಮಾಮೂಲಿ ಸಿನಿಮಾದವರು ಕ್ಯಾಮೆರಾ ಹೊತ್ತುಕೊಂಡು ಹೊರಗೆ ಹೋದರೆ ಅಲ್ಲಿ ಸೂರ್ಯ ಇರುತ್ತಾನೆ, ಅವನು ಸಂಬಳ ಕೇಳುವುದಿಲ್ಲ. ಬಿಸಿಲು ಗೋಡೆಗೆ ಬಿದ್ದು ಅಲ್ಲಿಂದ ನಟಿಯ ಕೆನ್ನೆ ಮೇಲೆ ತಾನಾಗೇ ಬೀಳುತ್ತದೆ, ಮೋಡ ಬಂದರೆ ನೆರಳಿನ ಅಂಚು ತಾನಾಗೇ ಮೆತ್ತಗಾಗುತ್ತದೆ. ನಮ್ಮಲ್ಲಿ ತಾನಾಗೇ ಅನ್ನೋದು ಇಲ್ಲವೇ ಇಲ್ಲ. ಮನೆ, ಮರ, ಪಾತ್ರ, ಅದರ ನಡಿಗೆ, ಕ್ಯಾಮೆರಾ ಎಲ್ಲ ಸಿದ್ಧವಾಗಿರೋ ಶಾಟ್ ನಮ್ಮ ಟೇಬಲ್ಲಿಗೆ ಬರುತ್ತದೆ. ಒಂದು ಲೈಟೂ ಇಡದೆ ರೆಂಡರ್‌ಗೆ ಕೊಟ್ಟರೆ, ಅಂದರೆ ಇದರ ಚಿತ್ರ ತೆಗೆದುಕೊಡು ಅಂತ ಕಂಪ್ಯೂಟರ್‌ಗೆ ಹೇಳಿದರೆ, ಹೊರಗೆ ಬರೋದು ಪೂರ್ತಿ ಕಪ್ಪು. ಆ ಕಪ್ಪಿನಿಂದ ಶುರು ನಮ್ಮ ಕೆಲಸ. ಕಿಟಕಿಯಿಂದ ಬಿದ್ದ ಬಿಸಿಲು ಯಾವ ಹಳದಿ, ನೆಲ ತಲುಪೋ ಹೊತ್ತಿಗೆ ಎಷ್ಟು ಮಂಕಾಗಿರಬೇಕು, ತಲೆಕೂದಲ ಅಂಚಿಗೆ ಹಿಂದಿನಿಂದ ಒಂದು ಗೆರೆ ಬೆಳಕು ಬೇಕಾ ಬೇಡವಾ, ಎಲ್ಲ ಯಾರೋ ಒಬ್ಬರು ಕೂತು ತೀರ್ಮಾನಿಸಿದ್ದು. ಪಾತ್ರದ ಕಣ್ಣಲ್ಲಿ ಸಣ್ಣದೊಂದು ಬಿಳಿ ಚುಕ್ಕಿ ಇರುತ್ತದೆ, ಯಾವತ್ತಾದರೂ ಗಮನಿಸಿದ್ದೀರಾ? ಅದನ್ನು ತೆಗೆದುಬಿಟ್ಟರೆ ಎಂಥ ನಗುಮುಖದ ಪಾತ್ರವೂ ಹೆಣದ ಹಾಗೆ ಕಾಣುತ್ತದೆ. ಅದಕ್ಕಾಗಿಯೇ ಒಂದು ಲೈಟ್ ಇಡುತ್ತೇವೆ.

ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ ಅಂತ ಯಾರಿಗೂ ಪಾಠ ಮಾಡಬೇಕಾಗಿಲ್ಲ. ನಮ್ಮಮ್ಮ ಯಾವ ಸೀರೆ ಅಂಗಡಿಗೆ ಹೋದರೂ ಆರಿಸಿದ ಸೀರೆಯನ್ನು ಬಾಗಿಲ ಹತ್ತಿರ ತರಿಸಿ ಬಿಸಿಲಲ್ಲಿ ಒಂದು ಸಲ ಬಿಚ್ಚಿ ನೋಡದೆ ದುಡ್ಡು ಕೊಟ್ಟವರಲ್ಲ. ‘ಒಳಗೆ ಮಾವಿನ ಚಿಗುರು, ಹೊರಗೆ ಬಂದರೆ ಇಟ್ಟಿಗೆ’ ಅಂತ ಅಂಗಡಿಯವನ ಮುಖಕ್ಕೇ ಹೇಳುತ್ತಾರೆ. ಚಿನ್ನದಂಗಡಿಯವರು ಹಳದಿ ದೀಪ ಯಾಕೆ ಹಾಕುತ್ತಾರೆ, ಬೆಳ್ಳಿ ಕೌಂಟರಿಗೆ ಬಿಳಿ ದೀಪ ಯಾಕೆ ಅನ್ನುವುದೂ ಅಮ್ಮನಿಗೆ ಗೊತ್ತು. ನಾನು ಕಾಲೇಜಿಗೆ ಫೀಸು ಕಟ್ಟಿ ಕಲಿತ ಮೊದಲ ಪಾಠ ಇದು. ಅಮ್ಮ ಬಾಗಿಲಲ್ಲಿ ನಿಂತು ಕಲಿತಿದ್ದರು.

ವಿಮರ್ಶಕರಿಗೆ ಬಹುಶಃ ಗೊತ್ತಿಲ್ಲದ ಒಂದು ವಸ್ತು ಇದೆ. ನಮ್ಮಲ್ಲಿ ಅದನ್ನು ಕಲರ್ ಸ್ಕ್ರಿಪ್ಟ್ ಅನ್ನುತ್ತೇವೆ. ಇಡೀ ಸಿನಿಮಾವನ್ನು ಬೆರಳುದ್ದದ ಚಿತ್ರಗಳಾಗಿ, ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಸಾಲಾಗಿ ಜೋಡಿಸಿರುತ್ತಾರೆ. ಮುಖ, ಮೂಗು ಏನೂ ಸರಿಯಾಗಿ ಕಾಣಿಸೋದಿಲ್ಲ. ಬರೀ ಬಣ್ಣ, ಬರೀ ಬೆಳಕು. 1995ರಲ್ಲಿ ‘ಟಾಯ್ ಸ್ಟೋರಿ’ ಬಂತಲ್ಲ, ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದ ಮೊದಲ ಕಥಾಚಿತ್ರ, ಅದಕ್ಕೆ ರಾಲ್ಫ್ ಎಗ್ಲ್‌ಸ್ಟನ್ ಅನ್ನುವ ಕಲಾ ನಿರ್ದೇಶಕರು ಇಂಥದ್ದನ್ನು ಪೇಸ್ಟಲ್ ಕಡ್ಡಿಯಲ್ಲಿ, ಕೈಯಲ್ಲೇ ಬಿಡಿಸಿದ್ದರು. ದೂರ ನಿಂತು ಆ ಸಾಲನ್ನು ನೋಡಿದರೆ ಕಥೆ ಗೊತ್ತಿಲ್ಲದಿದ್ದರೂ ಎಲ್ಲಿ ಎದೆ ಹಗುರಾಗುತ್ತೆ, ಎಲ್ಲಿ ಭಾರ ಆಗುತ್ತೆ ಅಂತ ಅಂದಾಜು ಸಿಗುತ್ತದೆ. ನಾನು ಇದನ್ನು ಸಿನಿಮಾದ ಜಾತಕ ಅಂತಲೇ ಕರೆಯೋದು. ಜಾತಕ ಸರಿ ಇಲ್ಲದ ಸಿನಿಮಾಗಳಿಗೂ ಲೈಟ್ ಹಾಕಿದ್ದೇನೆ, ಆ ಕಥೆ ಬೇಡ ಬಿಡಿ.

ಹೀಗೆ ಮಾತಲ್ಲೇ ಹೇಳಿದರೆ ತಲೆಗೆ ಹೋಗಲ್ಲ, ಒಂದು ಸಿನಿಮಾ ಹಿಡಿದುಕೊಳ್ಳೋಣ. ‘ಅಪ್’, 2009ರದ್ದು. ಮನೆಗೆ ಬಲೂನು ಕಟ್ಟಿಕೊಂಡು ಹಾರಿಹೋಗೋ ಮುದುಕನ ಕಥೆ ಅಂದರೆ ನಿಮ್ಮ ಓದುಗರಲ್ಲಿ ಅರ್ಧ ಜನಕ್ಕೆ ನೆನಪಾಗುತ್ತದೆ. ಆ ಮುದುಕ ಕಾರ್ಲ್ ಮತ್ತು ಅವನ ಹೆಂಡತಿ ಎಲ್ಲೀ (Ellie) ಮದುವೆಯಾಗಿ, ಮನೆ ಕಟ್ಟಿಕೊಂಡು, ಮಕ್ಕಳಾಗದೆ, ಮುದುಕರಾಗಿ, ಕೊನೆಗೆ ಹೆಂಡತಿ ತೀರಿಕೊಳ್ಳೋ ತನಕದ ಇಡೀ ಸಂಸಾರ ನಾಲ್ಕು ನಿಮಿಷದ ಆಸುಪಾಸಿನಲ್ಲಿ, ಒಂದೂ ಮಾತಿಲ್ಲದೆ ಬರುತ್ತದೆ. ಎಲ್ಲರೂ ಅಲ್ಲಿ ಸಂಗೀತವನ್ನು ಹೊಗಳುತ್ತಾರೆ, ಹೊಗಳಲಿ, ಅದು ಚೆನ್ನಾಗೇ ಇದೆ. ಆದರೆ ಆ ಸಿನಿಮಾದವರು ಈ ಎಲ್ಲೀಗೆ ಒಂದು ಬಣ್ಣವನ್ನೇ ಕೊಟ್ಟುಬಿಟ್ಟಿದ್ದಾರೆ. ಮಜೆಂಟಾ. ನಮ್ಮ ಕಡೆ ರಾಣಿ ಬಣ್ಣ ಅಂತೀವಲ್ಲ, ಹೆಚ್ಚುಕಮ್ಮಿ ಅದು. ಅವಳು ಇರೋ ತನಕ ಆ ಬಣ್ಣ ಮನೆಯಲ್ಲಿ ಎಲ್ಲೋ ಒಂದು ಕಡೆ ಇಣುಕುತ್ತಲೇ ಇರುತ್ತದೆ. ಅವಳು ಹೋದಳು, ಮುದುಕ ಒಂದೇ ಒಂದು ಬಲೂನು ಹಿಡಿದು ಕತ್ತಲ ಮನೆಯೊಳಗೆ ಹೋದ, ಅಲ್ಲಿಗೆ ಬಣ್ಣವೂ ಹೋಯಿತು. ಮಾರನೆಯ ದೃಶ್ಯದಲ್ಲಿ ಅಲಾರಾಂ ಹೊಡೆದು ಅವನು ಏಳುತ್ತಾನೆ, ಮನೆ ಅದೇ, ಕುರ್ಚಿ ಅದೇ, ಆದರೆ ಯಾರೋ ನೀರಲ್ಲಿ ಅದ್ದಿ ಹಿಂಡಿ ಒಣಗಿಸಿದ ಹಾಗೆ ಎಲ್ಲ ಬೂದು, ಕಂದು. ‘ಈಗ ಅವನಿಗೆ ಬದುಕು ಸಪ್ಪೆ’ ಅಂತ ಯಾವ ಪಾತ್ರವೂ ಹೇಳುವುದಿಲ್ಲ. ಹೇಳೋ ಅಗತ್ಯ ಎಲ್ಲಿದೆ?

ಆಮೇಲೆ ಬಲೂನುಗಳು ಬರುತ್ತವೆ. ಬೂದುಬಣ್ಣ ಹತ್ತು ನಿಮಿಷ ತಿನ್ನಿಸಿದ ಮೇಲೆ ಒಂದೇ ಸಲ ಸಾವಿರಾರು ಬಲೂನು. ಮನೆ ಮೇಲೇಳುತ್ತದೆ. ಅಲ್ಲಿ ಒಂದು ಸಣ್ಣ ಶಾಟ್ ಇದೆ. ಮನೆ ಹಾರಿಕೊಂಡು ಒಂದು ಕಟ್ಟಡದ ಪಕ್ಕ ಹೋಗುವಾಗ ಒಂದು ಪುಟ್ಟ ಹುಡುಗಿಯ ಕೋಣೆಯ ಕಿಟಕಿ ಬರುತ್ತದೆ. ಬಲೂನುಗಳನ್ನು ತೂರಿಕೊಂಡು ಬಂದ ಬಿಸಿಲು ಆ ಕೋಣೆಯ ಗೋಡೆ ತುಂಬ ಬಣ್ಣ ಬಣ್ಣವಾಗಿ ಹರಿದು ಹೋಗುತ್ತದೆ. ಕೆಲವೇ ಸೆಕೆಂಡ್. ಕಥೆಗೆ ಆ ಹುಡುಗಿ ಬೇಕಾಗಿಯೇ ಇಲ್ಲ, ಅವಳು ಮತ್ತೆ ಬರೋದೂ ಇಲ್ಲ. ಈ ಸಿನಿಮಾವನ್ನು ನಾನು ಒಂದು ಭಾನುವಾರ ಅಮ್ಮನ ಜೊತೆ ಕೂತು ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಲರ್ ಸ್ಕ್ರಿಪ್ಟ್, ಮಜೆಂಟಾ ಅಂತ ನಾನು ಏನೂ ಹೇಳಿರಲಿಲ್ಲ. ಆ ಕೋಣೆಯ ಶಾಟ್ ಬಂದಾಗ ಅವರು ಸೆರಗಲ್ಲಿ ಕಣ್ಣು ಒರೆಸಿಕೊಂಡು ‘ಅವಳೇ ಬಂದು ಹೋದ ಹಾಗಾಯ್ತು’ ಅಂದರು. ನಾನು ಸುಮ್ನೆ ಕೂತೆ.

ಈಗ ನಿಮ್ಮ ಬಾಕ್ಸ್ ವಿಷಯಕ್ಕೆ ಬರುತ್ತೇನೆ. ನೀಲಿ ಅಂದರೆ ದುಃಖ. 2015ರ ‘ಇನ್‌ಸೈಡ್ ಔಟ್’ ನೋಡಿ ಯಾರೋ ಆ ಬಾಕ್ಸ್ ಬರೆದಿರಬೇಕು ಅಂತ ನನ್ನ ಅನುಮಾನ, ಯಾಕಂದರೆ ಅದರಲ್ಲಿ ಒಬ್ಬ ಹುಡುಗಿಯ ತಲೆಯೊಳಗಿನ ಭಾವನೆಗಳೇ ಪಾತ್ರಗಳು: ಖುಷಿ ಹಳದಿ, ದುಃಖ ನೀಲಿ, ಕೋಪ ಕೆಂಪು, ಅಸಹ್ಯ ಹಸಿರು, ಭಯ ನೇರಳೆ. (ಇದರ ಪ್ರೊಡಕ್ಷನ್ ಡಿಸೈನರ್, ಅಂದರೆ ಇಡೀ ಸಿನಿಮಾ ಹೇಗೆ ಕಾಣಬೇಕು ಅಂತ ರೂಪಿಸಿದವರು, ಕೂಡ ಅದೇ ಎಗ್ಲ್‌ಸ್ಟನ್. 2022ರಲ್ಲಿ ತೀರಿಕೊಂಡರು.) ಆದರೆ ಆ ಸಿನಿಮಾ ಮಾಡಿದ ಕೆಲಸವೇ ನಿಮ್ಮ ಬಾಕ್ಸನ್ನು ಮುರಿದು ಹಾಕೋದು. ಖುಷಿ ಅನ್ನೋ ಪಾತ್ರದ ಮೈಯಿಂದಲೇ ಬೆಳಕು ಹೊರಡುತ್ತದೆ, ಪಕ್ಕದಲ್ಲಿ ನಿಂತವರ ಮೇಲೆಲ್ಲ ಬೀಳುತ್ತದೆ. ಅವಳ ತಲೆಕೂದಲು ಮಾತ್ರ ನೀಲಿ. ಹುಡುಗಿ ರೈಲಿ ಮನಸ್ಸು ಪೂರ್ತಿ ಕೆಟ್ಟು ಮನೆ ಬಿಟ್ಟು ಹೊರಟಾಗ ತಲೆಯೊಳಗಿನ ಕಂಟ್ರೋಲ್ ಬೋರ್ಡ್ ಯಾವ ಬಣ್ಣಕ್ಕೆ ತಿರುಗುತ್ತೆ ಹೇಳಿ? ನೀಲಿಗಲ್ಲ. ಬೂದಿಗೆ. ಯಾವ ಭಾವನೆ ಒತ್ತಿದರೂ ಅದು ಕೆಲಸ ಮಾಡೋದಿಲ್ಲ. ಅಳು ಬರುವಷ್ಟಾದರೂ ನೀಲಿ ಇದ್ದರೆ ಮನುಷ್ಯ ಬದುಕಿದ್ದಾನೆ ಅಂತ, ಯಾವ ಬಣ್ಣವೂ ಇಲ್ಲದಿದ್ದಾಗ ಗಾಬರಿ ಬೀಳಬೇಕು ಅಂತ. ಖಿನ್ನತೆ ಬಗ್ಗೆ ಎಷ್ಟೋ ಲೇಖನ ಓದಿದ್ದೇನೆ, ನಿಮ್ಮ ಪತ್ರಿಕೆಯಲ್ಲೂ. ಆ ಬೂದು ಹಲಗೆಯಷ್ಟು ಸರಿಯಾಗಿ ಹೇಳಿದ್ದು ಕಮ್ಮಿ. ಆ ಸಿನಿಮಾದಲ್ಲಿ ನೆನಪುಗಳೆಲ್ಲ ಬಣ್ಣದ ಗೋಲಿಗಳು; ಕೊನೆಗೆ ಆ ಹುಡುಗಿಗೆ ಸಿಗೋ ಹೊಸ ನೆನಪಿನ ಗೋಲಿಯಲ್ಲಿ ಹಳದಿ, ನೀಲಿ ಎರಡೂ ಕಲೆತಿರುತ್ತವೆ. ನಿಮ್ಮ ಬಾಕ್ಸಿನಲ್ಲಿ ಅದಕ್ಕೆ ಸಾಲೇ ಇಲ್ಲ, ಅಲ್ವಾ?

ಇನ್ನೊಂದು. ಚೆಂಡುಹೂವಿನ ಕಿತ್ತಳೆ ಬಣ್ಣ ನೋಡಿದರೆ ನಮಗೆ ಏನು ನೆನಪಾಗುತ್ತದೆ? ಆಯುಧಪೂಜೆ. ಬಸ್ಸಿನ ಮುಂದೆ ಹಾರ, ಬಾಗಿಲಿಗೆ ತೋರಣ. 2017ರಲ್ಲಿ ಬಂದ ‘ಕೊಕೊ’ ಮೆಕ್ಸಿಕೊ ದೇಶದ ಕಥೆ. ಅಲ್ಲಿ ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ ಅನ್ನೋ ನಂಬಿಕೆಯ ಹಬ್ಬಕ್ಕೆ ಇದೇ ಹೂವು ಬೇಕು, ಅವರಿಗೆ ದಾರಿ ತೋರಿಸೋಕೆ. ಹೂವಿನ ತವರೂ ಅದೇ ನಾಡು, ನಮ್ಮಲ್ಲಿಗೆ ಅದು ಆಮೇಲೆ ಬಂದದ್ದು. ಸಿನಿಮಾದಲ್ಲಿ ಬದುಕಿದವರ ಊರಿಗೂ ಸತ್ತವರ ಊರಿಗೂ ನಡುವೆ ಚೆಂಡುಹೂವಿನ ಎಸಳುಗಳದ್ದೇ ಒಂದು ಸೇತುವೆ, ರಾತ್ರಿಯ ಕತ್ತಲಲ್ಲಿ ಕೆಂಡದ ಹಾಗೆ ಹೊಳೆಯುತ್ತದೆ. ಅದೇ ಹೂವು, ಅದೇ ಬಣ್ಣ. ನಮಗೆ ಲಾರಿ, ಅವರಿಗೆ ಅಜ್ಜಿ. ಆದರೂ ನಾವು ಕನ್ನಡದವರು ಕೂತು ನೋಡಿದರೂ ಆ ಸೇತುವೆ ಬಂದಾಗ ಗಂಟಲು ಕಟ್ಟುತ್ತದೆ, ಯಾಕಂದರೆ ಸುತ್ತ ಕತ್ತಲೆ ಇಟ್ಟು, ಆ ಕಿತ್ತಳೆಯನ್ನು ಸರಿಯಾದ ಹೊತ್ತಿಗೆ ತಂದಿದ್ದಾರೆ. ಬಣ್ಣಕ್ಕೆ ಅರ್ಥ ಬರೋದು ಅದರ ನೆರೆಹೊರೆಯಿಂದ, ಅದಕ್ಕಿಂತ ಮುಂಚೆ ಏನು ತೋರಿಸಿದ್ದರು ಅನ್ನೋದರಿಂದ. ಪಟ್ಟಿ ಮಾಡಿ ಗೋಡೆಗೆ ಅಂಟಿಸೋಕೆ ಆಗಲ್ಲ.

ಇದೆಲ್ಲ ಕಂಪ್ಯೂಟರ್ ಬಂದ ಮೇಲಿನ ಮಾತು ಅಂದುಕೊಂಡರೆ ಅದೂ ಸರಿಯಲ್ಲ. ನಮ್ಮ ಕೆಲಸದವರು ಇವತ್ತಿಗೂ ತೆಗೆದು ತೆಗೆದು ನೋಡೋದು 1942ರ ‘ಬ್ಯಾಂಬಿ’ಯನ್ನು, ಒಂದು ಜಿಂಕೆಮರಿಯ ಕಥೆ. ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನ ಬಗ್ಗೆ ಎರಡು ಮಾತು ಹೇಳದೆ ನನಗೆ ಸಮಾಧಾನ ಇಲ್ಲ. ಟೈರಸ್ ವಾಂಗ್ ಅಂತ. 1910ರಲ್ಲಿ ಚೀನಾದಲ್ಲಿ ಹುಟ್ಟಿದವರು, ಚಿಕ್ಕ ಹುಡುಗ ಇದ್ದಾಗಲೇ ಅಪ್ಪನ ಜೊತೆ ಅಮೆರಿಕಕ್ಕೆ ಹೋದರು, ಚಿತ್ರಕಲೆ ಕಲಿತರು, 1938ರಲ್ಲಿ ಡಿಸ್ನಿ ಸ್ಟುಡಿಯೊ ಸೇರಿದರು. ಅಲ್ಲಿ ಕೊಟ್ಟ ಕೆಲಸ ಇನ್‌ಬಿಟ್ವೀನರ್. ಹಿರಿಯ ಅನಿಮೇಟರ್ ಒಂದು ಕೈ ಮೇಲಿರೋ ಚಿತ್ರ, ಒಂದು ಕೈ ಕೆಳಗಿರೋ ಚಿತ್ರ ಬರೆದರೆ ನಡುವಿನ ಅಷ್ಟೂ ಚಿತ್ರ ಇವರು ತುಂಬಬೇಕು. ದಿನವಿಡೀ. ಕತ್ತೆ ಚಾಕರಿ ಅಂತೀವಲ್ಲ, ಅದು. ಆಗ ಬ್ಯಾಂಬಿ ತಯಾರಿ ನಡೆದಿತ್ತು, ಕಾಡಿನ ಚಿತ್ರಗಳು ಸರಿಹೋಗುತ್ತಿರಲಿಲ್ಲ. ಪ್ರತಿ ಎಲೆ, ಪ್ರತಿ ಕಡ್ಡಿ ಬಿಡಿಸಿ ಬಿಡಿಸಿ ಇಟ್ಟರೆ ನಡುವೆ ನಿಂತ ಜಿಂಕೆಮರಿಯೇ ಕಳೆದುಹೋಗುತ್ತಿತ್ತು. ವಾಂಗ್ ತಮ್ಮಷ್ಟಕ್ಕೆ ತಾವೇ ಒಂದಷ್ಟು ಸಣ್ಣ ಚಿತ್ರ ಬರೆದು ತೋರಿಸಿದರು. ಚೀನಾದ ಸಾಂಗ್ ರಾಜವಂಶದ ಕಾಲದ ಹಳೆಯ ಚಿತ್ರಗಳ ನೆರಳು ಅವುಗಳ ಮೇಲಿತ್ತು. ನಡುವೆ ಒಂದಿಷ್ಟು ಬೆಳಕು, ಸುತ್ತ ಮಂಜಿನಲ್ಲಿ ಕರಗಿದ ಮರಗಳು. ಎಲೆ ಇಲ್ಲ, ಎಲೆ ಇದೆ ಅನ್ನೋ ಭಾವನೆ ಮಾತ್ರ ಇದೆ. ವಾಲ್ಟ್ ಡಿಸ್ನಿಗೆ ಅದು ಹಿಡಿಸಿತು. ಇಡೀ ಸಿನಿಮಾದ ಕಾಡು ಆ ದಾರಿಯಲ್ಲೇ ಹೋಯಿತು.

ಆ ಸಿನಿಮಾದಲ್ಲಿ ತಾಯಿ ಜಿಂಕೆ ಸಾಯೋದನ್ನು ನೀವು ನೋಡಿರುವುದಿಲ್ಲ. ನೋಡಿದ ನೆನಪು ಇದ್ದರೆ ಅದು ನಿಮ್ಮದೇ ಮನಸ್ಸು ಬರೆದ ಚಿತ್ರ. ಗುಂಡಿನ ಸದ್ದು ಕೇಳಿಸುತ್ತದೆ, ಅಷ್ಟೇ. ಆಮೇಲೆ ಹಿಮ ಸುರಿಯುತ್ತದೆ, ದಟ್ಟವಾಗುತ್ತ ಹೋಗುತ್ತದೆ, ಮರಗಳು ಅಳಿಸಿಹೋಗುತ್ತವೆ, ಮರಿ ಅಮ್ಮಾ ಅಂತ ಕೂಗುತ್ತ ಆ ಬಿಳಿಯೊಳಗೆ ಅಲೆಯುತ್ತದೆ. ರಕ್ತ ಒಂದು ಹನಿ ಇಲ್ಲ. ಕೆಂಪು ಅಂದರೆ ಅಪಾಯ ಅನ್ನೋ ಪಟ್ಟಿ ಹಿಡಿದವರು ಈ ದೃಶ್ಯ ಬರೆದಿದ್ದರೆ ಏನು ಮಾಡುತ್ತಿದ್ದರು ಅಂತ ಯೋಚಿಸಿದರೆ ಭಯ ಆಗುತ್ತದೆ. ಮುಂದೆ ಬೆಳೆದ ಬ್ಯಾಂಬಿ ಇನ್ನೊಂದು ಗಂಡು ಜಿಂಕೆಯ ಜೊತೆ ಕಾದಾಡುವಾಗ ಕಾಡಿನ ಹಸಿರೇ ಇರುವುದಿಲ್ಲ, ಕತ್ತಲೆಯಲ್ಲಿ ಎರಡು ಮೈಗಳ ಅಂಚಷ್ಟೇ ಬೆಂಕಿಯ ಬಣ್ಣದಲ್ಲಿ ಕಾಣುತ್ತದೆ. ಕಾಡಿನಲ್ಲಿ ಅಂಥ ಬೆಳಕು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲ. ಯಾರೂ ಕೇಳಿಲ್ಲ.

ಇಷ್ಟು ಮಾಡಿದ ವಾಂಗ್ ಅವರಿಗೆ ಸಿಕ್ಕಿದ್ದು? 1941ರಲ್ಲಿ ಸ್ಟುಡಿಯೊದಲ್ಲಿ ಮುಷ್ಕರ ಆಯಿತು, ಅದರ ಬೆನ್ನಿಗೇ ಅವರನ್ನು ಕೆಲಸದಿಂದ ತೆಗೆದರು. ಸಿನಿಮಾ ಬಂದಾಗ ಹಿನ್ನೆಲೆ ಚಿತ್ರ ಬರೆದವರ ಪಟ್ಟಿಯಲ್ಲಿ ಒಂದು ಹೆಸರು. ಆಮೇಲೆ ವಾರ್ನರ್ ಬ್ರದರ್ಸ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದರು, ವಯಸ್ಸಾದ ಮೇಲೆ ಸಮುದ್ರದ ದಂಡೆಯಲ್ಲಿ ತಾವೇ ಮಾಡಿದ ಗಾಳಿಪಟ ಹಾರಿಸುತ್ತಿದ್ದರು, ಡಿಸ್ನಿಯವರು ಅವರನ್ನು ಕರೆದು ಗೌರವ ಕೊಟ್ಟಿದ್ದು 2001ರಲ್ಲಿ. 2016ರಲ್ಲಿ 106ನೇ ವಯಸ್ಸಿನಲ್ಲಿ ಹೋದರು. ನಮ್ಮಂಥವರ ಹೆಸರು ಸಿನಿಮಾ ಮುಗಿದ ಮೇಲೆ ಓಡೋ ಪಟ್ಟಿಯಲ್ಲಿ, ಥಿಯೇಟರಿನವರು ಲೈಟ್ ಹಾಕಿ ಕಸ ಗುಡಿಸೋಕೆ ಶುರು ಮಾಡಿದಾಗ ಬರುತ್ತದೆ ಅಂತ ನಾನು ಗೊಣಗಿದಾಗಲೆಲ್ಲ ಈ ಮನುಷ್ಯ ನೆನಪಾಗುತ್ತಾರೆ.

ಜಪಾನಿನ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಬಗ್ಗೆಯೂ ಜಾಸ್ತಿ ಬರೆಯಬೇಕು ಅಂತಿತ್ತು, ಒಂದೇ ಮಾತು ಹೇಳಿ ಬಿಡುತ್ತೇನೆ. 1988ರ ಸಿನಿಮಾ, ಯುದ್ಧದಲ್ಲಿ ಅನಾಥರಾದ ಅಣ್ಣ-ತಂಗಿಯ ಕಥೆ. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಪಾತ್ರದ ಹೊರಗೆರೆ ಸಾಮಾನ್ಯವಾಗಿ ಕಪ್ಪು. ಈ ಸಿನಿಮಾದ ಬಣ್ಣಗಳನ್ನು ನೋಡಿಕೊಂಡ ಮಿಚಿಯೊ ಯಾಸುದಾ ಅನ್ನುವ ಹೆಣ್ಣುಮಗಳು ಹೆಚ್ಚಿನ ಗೆರೆಗಳನ್ನು ಕಂದು ಮಾಡಿಸಿದರು, ನೋಟ ಮೃದುವಾಗಿರಲಿ ಅಂತ. ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಆ ಪುಟ್ಟ ತಂಗಿಯ ಕೆನ್ನೆಗೂ ಅವಳ ಹಿಂದಿನ ಗಾಳಿಗೂ ನಡುವೆ ಗೋಡೆ ಇಲ್ಲದಂತೆ ಆಗಿ, ಈ ಮಗು ಯಾವ ಗಳಿಗೆಯಲ್ಲಾದರೂ ಕರಗಿಹೋಗಬಹುದು ಅನ್ನೋ ಹೆದರಿಕೆ ಮೊದಲಿನಿಂದಲೂ ನನ್ನ ಜೊತೆಗೇ ಕೂತಿತ್ತು. ಎರಡನೇ ಸಲ ನೋಡೋ ಧೈರ್ಯ ನನಗಿನ್ನೂ ಬಂದಿಲ್ಲ.

ಇಷ್ಟು ಹೊತ್ತು ಹೊರದೇಶದ್ದೇ ಹೇಳಿದೆ. ಬೆಳಕಿನ ಈ ಆಟ ನಮಗೇನು ಹೊಸದಲ್ಲ. ತೊಗಲು ಗೊಂಬೆಯಾಟ ಆಡಿಸೋ ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನೀವೂ ಮುಖಪುಟದಲ್ಲಿ ಹಾಕಿದ್ದಿರಿ. ತೊಗಲು ಗೊಂಬೆಯನ್ನು ಹಗಲಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಬಣ್ಣ ಬಳಿದ ಚರ್ಮ. ಹಿಂದೆ ದೀಪ ಬಂದು, ಮುಂದೆ ಬಿಳಿ ಪರದೆ ಬಂದಾಗಲೇ ಆ ಕೆಂಪು ಕೆಂಪಾಗೋದು, ಯಾಕಂದರೆ ಬೆಳಕು ತೊಗಲನ್ನು ತೂರಿಕೊಂಡು ಬರುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿದರೆ ಅಂಚು ಚೂಪು, ಸ್ವಲ್ಪ ಹಿಂದಕ್ಕೆ ಎಳೆದರೆ ಮಸುಕಾಗಿ ದೊಡ್ಡದಾಗುತ್ತದೆ. ಎಣ್ಣೆ ದೀಪವಾದರೆ ಜ್ವಾಲೆ ಅಲ್ಲಾಡಿದ ಹಾಗೆ ಗೊಂಬೆ ಉಸಿರಾಡುತ್ತದೆ. ಆ ಉಸಿರಾಟವನ್ನು ಕಂಪ್ಯೂಟರಿನ ಪಂಜಿನ ಬೆಳಕಿಗೆ ಕೊಡೋಕೆ ನಾನು ಒಂದು ಸಲ ನಾಲ್ಕು ದಿನ ಒದ್ದಾಡಿದ್ದೇನೆ. ಐದನೇ ದಿನವೂ ನಮ್ಮ ಸೂಪರ್‌ವೈಸರ್ ‘ಟ್ಯೂಬ್‌ಲೈಟ್ ಕೆಟ್ಟ ಹಾಗಿದೆ’ ಅಂದರು.

ಕೊನೆಗೆ ಒಂದು ದೂರು, ಒಂದು ಕೋರಿಕೆ. ದೂರು ಥಿಯೇಟರುಗಳ ಮೇಲೆ. ಕಳೆದ ವರ್ಷ ನಮ್ಮ ಮನೆ ಹತ್ತಿರದ ಒಂದು ಥಿಯೇಟರಿನಲ್ಲಿ ತ್ರೀಡಿಯಲ್ಲಿ ಒಂದು ಅನಿಮೇಷನ್ ಸಿನಿಮಾ ನೋಡಿದೆ. ತ್ರೀಡಿ ಕನ್ನಡಕ ಹಾಕಿದರೆ ಪರದೆಯ ಬೆಳಕು ಮೊದಲೇ ಅರ್ಧಕ್ಕಿಂತ ಕಮ್ಮಿ ಕಣ್ಣಿಗೆ ಬರುತ್ತದೆ. ಅಲ್ಲಿ ಪ್ರೊಜೆಕ್ಟರಿನ ದೀಪವೂ ಮುದಿಯಾಗಿತ್ತೋ ಏನೋ, ರಾತ್ರಿ ದೃಶ್ಯಗಳು ಬಂದಾಗ ಜನ ಕನ್ನಡಕ ತೆಗೆದು ಒರೆಸುತ್ತಿದ್ದರು. ಹೋಗಿ ಹೇಳಿದೆ. ‘ಸಿನಿಮಾನೇ ಹಾಗೆ ಮೇಡಂ’ ಅಂದರು. ಕೋರಿಕೆ ನಿಮಗೆ: ನಿಮ್ಮ ವಿಮರ್ಶಕರು ಯಾವ ಪರದೆಯಲ್ಲಿ ನೋಡಿದರು, ಚಿತ್ರ ಕತ್ತಲಾಗಿತ್ತಾ, ಅದನ್ನೂ ಒಂದು ಸಾಲು ಬರೆಯಲಿ. ದರ್ಶಿನಿಯಲ್ಲಿ ಸಾಂಬಾರು ತಣ್ಣಗಿದ್ದರೆ ಬರೆಯುತ್ತೀರಲ್ಲ. ಹಾಗೇ ಒಂದು ದೃಶ್ಯವನ್ನಾದರೂ ಹಿಡಿದು, ಅಲ್ಲಿ ಯಾವ ಬಣ್ಣ ಇತ್ತು, ಯಾವುದು ಇರಲಿಲ್ಲ, ಬೆಳಕು ಯಾವ ಕಡೆಯಿಂದ ಬಂತು ಅಂತ ಬರೆಯಲಿ. ಜೊತೆಗೆ ಹಾಕೋ ಫೋಟೊ ನಿಮ್ಮ ಕಾಗದದಲ್ಲಿ ಕೆಸರು ಬಣ್ಣಕ್ಕೆ ಬರುತ್ತದೆ ಅನ್ನೋದನ್ನು ನಾನು ಕ್ಷಮಿಸಿಬಿಡುತ್ತೇನೆ, ನ್ಯೂಸ್‌ಪ್ರಿಂಟ್ ಶಾಯಿ ಕುಡಿಯುತ್ತೆ, ಯಾರ ತಪ್ಪೂ ಅಲ್ಲ.

ಓದುಗರಿಗೂ ಒಂದು ಮಾತು: ಮನೆಯ ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ, ತುಂಬ ಮನೆಗಳಲ್ಲಿ ಅದು ‘ವಿವಿಡ್’ ಅಂತಲೋ ‘ಡೈನಾಮಿಕ್’ ಅಂತಲೋ ಇರುತ್ತದೆ. ಅಂಗಡಿಯಲ್ಲಿ ಹತ್ತು ಟಿವಿಗಳ ನಡುವೆ ಎದ್ದು ಕಾಣಲಿ ಅಂತ ಇರೋ ಮೋಡ್ ಅದು. ಅದರಲ್ಲಿ ‘ಅಪ್’ ಹಾಕಿದರೆ ಮುದುಕನ ಬೂದು ಮನೆಯೂ ಮಿಠಾಯಿ ಅಂಗಡಿಯ ಹಾಗೆ ಝಗಝಗ ಅನ್ನುತ್ತದೆ. ಹೆಂಡತಿ ಸತ್ತಳೋ ಇಲ್ಲವೋ ಅಂತಲೇ ಅನುಮಾನ ಬರಬೇಕು. ‘ಸಿನಿಮಾ’ ಅಂತಲೋ ‘ಮೂವಿ’ ಅಂತಲೋ ಇನ್ನೊಂದು ಇರುತ್ತದೆ, ಅದಕ್ಕೆ ಬದಲಾಯಿಸಿ. ನಮ್ಮನೆಯಲ್ಲಿ ನಾನು ಬದಲಾಯಿಸಿದ ಮೊದಲ ದಿನ ಅಮ್ಮ ‘ಏನೇ ಇದು, ಟಿವಿ ಹಳೇದಾಯ್ತಾ, ಎಲ್ಲರ ಸೀರೆನೂ ಮಾಸಿದೆ’ ಅಂತ ಗಲಾಟೆ ಮಾಡಿದರು. ಎರಡು ದಿನ ರಿಮೋಟ್ ಜಗಳ ನಡೆಯಿತು. ಈಗ ಧಾರಾವಾಹಿಗೆ ವಿವಿಡ್, ಸಿನಿಮಾಗೆ ಸಿನಿಮಾ ಅಂತ ರಾಜಿ ಆಗಿದೆ.

ಇಂತಿ,
ಒಬ್ಬ ಲೈಟಿಂಗ್ ಆರ್ಟಿಸ್ಟ್,
ಬೆಂಗಳೂರು